ಅಣುವಿನ ಆದೇಶಸಂಧಿ

ಚೊಚ್ಚಲ ಹೆರಿಗೆಗೆಂದು ಮಗಳನ್ನು ತವರಿಗೆ ಕರೆತರುವುದು ಕನ್ನಡ ನಾಡಿನ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿಯಾಗಿದೆ. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳ ಹೊಸತನ ಮಾಸುವ ಮೊದಲೇ ಕೆಲವು ಹೆಣ್ಣುಮಕ್ಕಳಿಗೆ ಕೈಕಾಲುಗಳು ಬಾತುಕೊಳ್ಳುತ್ತವೆ, ಬಳೆ ಬಿಗಿಯಾಗುತ್ತದೆ, ತಲೆ ಸಿಡಿಯತೊಡಗುತ್ತದೆ, ಕಣ್ಣಿಗೆ ಮಂಜು ಕವಿದಂತಾಗುತ್ತದೆ. ಹಿಂದಿನವರು ಇದನ್ನು ದೃಷ್ಟಿದೋಷವೆಂದು ಭಾವಿಸಿ ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಹಾಗೆ ಕಾದು ಕುಳಿತ ಮನೆಗಳಲ್ಲಿ ತಾಯಿಯನ್ನೋ ಮಗುವನ್ನೋ ಇಬ್ಬರನ್ನೋ ಕಳೆದುಕೊಂಡವು ಎಷ್ಟೋ ಇರುವುವು. ಈಗಿನ ವೈದ್ಯರಾದರೋ ತೋಳಿಗೆ ಪಟ್ಟಿಯನ್ನು ಸುತ್ತಿ ರಕ್ತದ ಒತ್ತಡವನ್ನು ಅಳೆದು, ಅದು ಮೇರೆಮೀರಿದ್ದನ್ನು ಕಂಡು ಗುಳಿಗೆಯನ್ನು ಬರೆದುಕೊಡುತ್ತಾರೆ. ಹಾಗೆ ಕೊಡುವ ಔಷಧಗಳಲ್ಲಿ ಮೀಥೈಲ್‌ಡೋಪ ಎಂಬುದು ಒಂದು. ಮನುಷ್ಯರಲ್ಲಿ ಇದು ರಕ್ತದ ಒತ್ತಡವನ್ನು ತಗ್ಗಿಸುವುದೆಂಬ ಸಂಗತಿ ೧೯೬೦ರಲ್ಲಿ ಪ್ರಕಟವಾಯಿತು. ಆಮೇಲೆ ಬಂದ ಔಷಧಗಳು ಅನೇಕವಾಗಿದ್ದರೂ ಗರ್ಭಿಣಿಯರ ಮಟ್ಟಿಗೆ ಇದರ ಬಳಕೆ ನಿಂತಿಲ್ಲ.

“ಇದೆಂಥ ಮಾತ್ರೆಯಪ್ಪಾ? ಬಸುರಿ ಹೆಂಗಸಿಗೆ ಉಷ್ಣವಾಗುವುದಿಲ್ಲವೆ?” ಎಂದು ಮನೆಯ ಅಜ್ಜಿ ಕೇಳುವುದು ಸಹಜ. ರಸಾಯನಶಾಸ್ತ್ರವನ್ನು ಓದುತ್ತಿರುವ ಮೊಮ್ಮಗನೊಬ್ಬನು ಅಲ್ಲಿದ್ದು, “ಅಜ್ಜೀ, ಇದು ನಾವು ತಿನ್ನುವ ಬೇಳೆಯಲ್ಲಿ, ಕುಡಿಯುವ ಹಾಲಿನಲ್ಲಿ ಇರುವ ಒಂದು ತುಣುಕಿನ ದಾಯಾದಿ, ಸ್ವಲ್ಪ ತಿದ್ದಿದ್ದಾರೆ, ಅಷ್ಟೆ” ಎಂದು ಹೇಳಿದರೆ ಆ ಮಾತು ತಪ್ಪಲ್ಲ. ಆ ತಿದ್ದುವಿಕೆ ಎಂಥದು, ಅಷ್ಟು ಚಿಕ್ಕದು ಇಷ್ಟು ದೊಡ್ಡ ಕೆಲಸವನ್ನು ಮಾಡುವುದು ಹೇಗೆ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಪ್ರಾಣಿಗಳ ಮಾಂಸ, ರಕ್ತ, ಕೂದಲು, ಚರ್ಮ, ಜೀರ್ಣರಸ ಇವೆಲ್ಲದರಲ್ಲಿಯೂ ಪ್ರೋಟೀನು ಎಂಬ ದ್ರವ್ಯವಿರುವುದನ್ನು ವಾಚಕರು ಬಲ್ಲರು. ಪ್ರೋಟೀನೆಂದರೆ ಒಂದು ಉದ್ದನೆಯ ಸರ. ಅದರ ಮಣಿಗಳೇ ಅಮೈನೋ ಆಮ್ಲಗಳು. ಸರವು ಗಿಡ್ಡವಾಗಿದ್ದರೆ ಅದನ್ನು ಪೆಪ್ಟೈಡೆಂದು ಕರೆಯುವುದು ವಾಡಿಕೆ. ಪ್ರತಿಯೊಂದು ಮಣಿಯ ನಡುವೆಯೂ ಒಂದು ಇಂಗಾಲದ ಪರಮಾಣುವಿದೆ. ಅದಕ್ಕೆ ನಾಲ್ಕು ತೋಳುಗಳು. ಒಂದು ತೋಳಿನಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಇನ್ನೊಂದರಲ್ಲಿ ಆಮ್ಲದ ಗುಂಪು. ಈ ಎರಡು ತೋಳುಗಳಿಂದ ಅದು ಹಿಂದಿನ ಮುಂದಿನ ಮಣಿಗಳನ್ನು ಹಿಡಿದುಕೊಳ್ಳುತ್ತದೆ. ಮೂರನೆಯ ತೋಳಿನಲ್ಲಿ ಆಯಾ ಆಮ್ಲಕ್ಕೆ ಅದರದೇ ಆದ ಗುಣವನ್ನು ಕೊಡುವ ಪಾರ್ಶ್ವಗುಂಪು ಇರುತ್ತದೆ. ನಾಲ್ಕನೆಯದರಲ್ಲಿ ಇರುವುದು ಒಂದು ಜಲಜನಕದ ಪರಮಾಣು. ಇದು ಎಲ್ಲ ಪರಮಾಣುಗಳಲ್ಲಿಯೂ ಚಿಕ್ಕದು. ತುಂಬಿದ ಮನೆಯಲ್ಲಿ ಮೂಲೆಯಲ್ಲಿ ಕುಳಿತು ಯಾರಿಗೂ ಅಡ್ಡಬಾರದೆ ಇರುವ ಮುದುಕರಂತೆ ಅದು ಇದ್ದರೂ ಇಲ್ಲದಂತೆ ತೋರುತ್ತದೆ.

ನಾಲ್ಕು ತೋಳುಗಳಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳಿದ್ದಾಗ ಒಂದು ವಿಶೇಷವುಂಟಾಗುತ್ತದೆ. ಅದೇ ವಸ್ತುಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಎರಡೂ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ. ಆದರೆ ಒಂದರ ಮೇಲೊಂದನ್ನು ಇಟ್ಟರೆ ಹೊಂದುವುದಿಲ್ಲ. ಎಡಗೈ ಬಲಗೈಗಳ ಸಂಬಂಧವೂ ಇದೇ. ಗ್ರೀಕ್ ಭಾಷೆಯಲ್ಲಿ ಕೈ ಎಂಬರ್ಥವುಳ್ಳ ಶಬ್ದದಿಂದ ಈ ಗುಣಕ್ಕೆ ಪಾಶ್ಚಾತ್ಯರು ಕೈರಲ್ ಎಂಬ ಹೆಸರನ್ನಿಟ್ಟಿದ್ದಾರೆ. ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದ ಮಗುವನ್ನು ಗದರಿಸುವ, ಸಾವಿರದಲ್ಲೊಂದಾದ ಬಲಮುರಿ ಶಂಖವನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ನಾಡಿನಲ್ಲಿ ಎಡಬಲಗಳ ಭೇದವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಅಣುಗಳಲ್ಲಿ ಈ ಭೇದವಿದೆಯೆಂಬುದನ್ನು ಮೊದಲು ಕಂಡವನು ಫ್ರಾನ್ಸ್ ದೇಶದ ಲೂಯಿ ಪಾಸ್ತರ್. ೧೮೪೮ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವನು ಟಾರ್ಟಾರಿಕ್ ಆಮ್ಲದ ಒಂದು ಲವಣವನ್ನು ಪರೀಕ್ಷಿಸುತ್ತಿದ್ದನು. ಹುಣಿಸೆಯ ಹುಳಿಗೆ ಮುಖ್ಯ ಕಾರಣವಾದ ಆಮ್ಲವೇ ಇದು. ಆ ಲವಣದ ಹರಳುಗಳಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಓರೆಯಾದ ಮುಖಗಳನ್ನು ಹೊಂದಿದ್ದುದನ್ನು ಅವನು ಗಮನಿಸಿ, ಚಿಮಟದಿಂದ ಒಂದೊಂದನ್ನೇ ಆರಿಸಿ ಎರಡು ಗುಡ್ಡೆಗಳನ್ನು ಮಾಡಿದನು. ಒಂದರ ದ್ರಾವಣವು ಬೆಳಕಿನ ಕಂಪನದ ತಲವನ್ನು ಬಲಕ್ಕೆ ತಿರುಗಿಸಿತು. ಇನ್ನೊಂದರದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ಎಪ್ಪತ್ತು ದಾಟಿದ್ದ ಬಿಯೋ ಎಂಬ ಪಂಡಿತನು ಇದನ್ನು ನಂಬಲಾರದೆ, ತನ್ನ ಕಣ್ಣೆದುರಿಗೆ ಮತ್ತೊಮ್ಮೆ ಮಾಡಿಸಿ ನೋಡಿ ಒಪ್ಪಿಕೊಂಡನು. ಅಕ್ಕಿಯಲ್ಲಿ ಕಲ್ಲನ್ನು ಆರಿಸುವ ಹೆಂಗಸರ ತಾಳ್ಮೆಯಿಂದ ಒಂದು ಶಾಸ್ತ್ರವೇ ಹುಟ್ಟಿದಂತಾಯಿತು.

ಜೀವರಾಶಿಯ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಿಗೆ ಈ ವಿಷಯದಲ್ಲಿ ಒಂದು ಸಾಮಾನ್ಯ ನಿಯಮವಿದೆ. ಗ್ಲೈಸೀನ್ ಎಂಬ ಅತ್ಯಂತ ಚಿಕ್ಕ ಆಮ್ಲದಲ್ಲಿ ಎರಡು ತೋಳುಗಳಲ್ಲಿಯೂ ಜಲಜನಕವೇ ಇರುವುದರಿಂದ ಅದಕ್ಕೆ ಎಡಬಲಗಳಿಲ್ಲ. ಉಳಿದವೆಲ್ಲವೂ ಎಡಗೈ ಬಗೆಯವು. ಎಲ್ಲದರ ನಾಲ್ಕನೆಯ ತೋಳಿನಲ್ಲಿಯೂ ಜಲಜನಕವಿದೆ. ವ್ಯಾಕರಣವನ್ನು ಓದಿದವರು ಇದನ್ನು ಉತ್ಸರ್ಗವೆಂದು ಹೇಳಿಯಾರು. ಉತ್ಸರ್ಗವಿದ್ದ ಮೇಲೆ ಅಪವಾದವೂ ಇರಲೇಬೇಕಷ್ಟೆ. ಆ ಜಲಜನಕವನ್ನು ತೆಗೆದು, ಅದರ ಸ್ಥಾನದಲ್ಲಿ ಇಂಗಾಲವುಳ್ಳ ಬೇರೊಂದು ಗುಂಪನ್ನು ನಿಲ್ಲಿಸಿದರೆ ದ್ವಿಪ್ರತಿಸ್ಥಾಪಿತ ಅಮೈನೋ ಆಮ್ಲವಾಗುತ್ತದೆ. ಹೆಸರು ಉದ್ದವಾದರೂ ಅರ್ಥವು ಸರಳ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರವು ಹೋಗಿ ಗಕಾರವು ಆ ಜಾಗಕ್ಕೆ ಬರುವುದನ್ನು ಶಾಲೆಯ ಹುಡುಗರೆಲ್ಲರೂ ಆದೇಶಸಂಧಿಯೆಂದು ಕಲಿತಿರುತ್ತಾರೆ. ಇಲ್ಲಿಯೂ ಆಗುವುದು ಅದೇ: ಒಂದು ಹೋಗಿ ಅದರ ಎಡೆಯಲ್ಲಿ ಇನ್ನೊಂದು ಬರುತ್ತದೆ. ಬಂದ ಗುಂಪು ಮೊದಲೇ ಇದ್ದ ಪಾರ್ಶ್ವಗುಂಪಿಗಿಂತ ಭಿನ್ನವಾಗಿದ್ದರೆ ಎಡಬಲಗಳ ಭೇದ ಉಳಿಯುತ್ತದೆ. ಎರಡೂ ಒಂದೇ ಆಗಿದ್ದರೆ ಆ ಭೇದವು ಅಳಿಯುತ್ತದೆ.

ಈ ಆದೇಶದಿಂದ ಎರಡು ಫಲಗಳು ಒದಗುತ್ತವೆ. ಮೊದಲನೆಯದು ಚಲನೆಯ ಕಟ್ಟು. ಸರದಲ್ಲಿನ ಮಣಿಯು ತನ್ನ ಎರಡು ಪಕ್ಕದ ಬಂಧಗಳ ಸುತ್ತಲೂ ತಿರುಗಬಲ್ಲದು. ಆದರೆ ಹೇಗೆಂದರೆ ಹಾಗೆ ತಿರುಗಲಾರದು. ಕೆಲವು ಭಂಗಿಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ತಾಗದೆ ಇರುವ ಭಂಗಿಗಳು ಯಾವುವೆಂಬುದನ್ನು ೧೯೬೩ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ ಲೆಕ್ಕಹಾಕಿ ಒಂದು ಚೌಕದ ನಕ್ಷೆಯಲ್ಲಿ ಗುರುತಿಸಿದರು. ಲೋಕದಲ್ಲೆಲ್ಲ ಅದು ಇಂದಿಗೂ ರಾಮಚಂದ್ರನ್ ನಕ್ಷೆಯೆಂದೇ ಪ್ರಸಿದ್ಧವಾಗಿದೆ. ಅವರು ತಾರುಣ್ಯದಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು; ಮುಂದೆ ಅದೇ ಸಂಸ್ಥೆಗೆ ಮರಳಿ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

ಆ ನಕ್ಷೆಯಲ್ಲಿ ಗ್ಲೈಸೀನಿಗೆ ದೊರೆಯುವ ಭೂಮಿ ವಿಶಾಲವಾದದ್ದು. ಎರಡು ಜಲಜನಕಗಳೂ ಯಾರಿಗೂ ಅಡ್ಡಬಾರವು. ಒಂದು ಮೀಥೈಲ್ ಗುಂಪುಳ್ಳ ಅಲನೀನಿಗೆ ಭೂಮಿ ಕಿರಿದಾಗುತ್ತದೆ. ಎರಡು ಕಡೆಯೂ ಮೀಥೈಲ್ ಇದ್ದರೆ ಉಳಿಯುವುದು ಎರಡು ಸಣ್ಣ ತುಂಡುಗಳು ಮಾತ್ರ. ಒಂದು ತುಂಡು ಬಲಕ್ಕೆ ಸುತ್ತುವ ಸುರುಳಿಯದು. ಇನ್ನೊಂದು ಎಡಕ್ಕೆ ಸುತ್ತುವ ಸುರುಳಿಯದು. ಸ್ವೇಚ್ಛೆಯಾಗಿ ತಿರುಗುವ ಸರವು ನೀರಿನಲ್ಲಿ ಬಿದ್ದ ನೂಲಿನಂತೆ ಕ್ಷಣಕ್ಕೊಂದು ಆಕಾರವನ್ನು ತಾಳುತ್ತದೆ, ಅಂದರೆ ಅದಕ್ಕೆ ಯಾವ ಆಕಾರವೂ ಇಲ್ಲ. ಈ ಕಟ್ಟುಳ್ಳ ಮಣಿಗಳನ್ನು ನಡುನಡುವೆ ಪೋಣಿಸಿದರೆ ಅದೇ ಸರವು ಬಳ್ಳಿಯ ಕುಡಿಯಂತೆ ಸುರುಳಿಯಾಗಿ ನಿಲ್ಲುತ್ತದೆ. ಕಂದಪದ್ಯದ ವಿಷಮಸ್ಥಾನಗಳಲ್ಲಿ ಜಗಣ ಬರಕೂಡದೆಂಬ ನಿಷೇಧವನ್ನು ನೋಡಿ, ಕವಿಯ ಸ್ವಾತಂತ್ರ್ಯಕ್ಕೆ ಅಡ್ಡಿಯಾಯಿತೆಂದು ಮರುಗುವವರುಂಟು. ಆದರೆ ಕಂದಕ್ಕೆ ಕಂದದ ನಡೆ ಬಂದದ್ದು ಆ ನಿಷೇಧಗಳಿಂದಲೇ ಅಲ್ಲವೆ?

ಬೆಂಗಳೂರಿನಲ್ಲಿ ರಾಮಚಂದ್ರನ್ನರು ಕಟ್ಟಿದ ಆ ವಿಭಾಗದಲ್ಲಿಯೇ ಪಿ. ಬಲರಾಮ್ ಅವರೂ ಅವರ ಶಿಷ್ಯರೂ ೧೯೭೦ರ ದಶಕದಿಂದ ಮೊದಲ್ಗೊಂಡು ಹಲವು ದಶಕಗಳ ಕಾಲ ಇಂಥ ಪೆಪ್ಟೈಡುಗಳನ್ನು ಮಾಡಿ ಪರೀಕ್ಷಿಸುತ್ತಾ ಬಂದರು. ಅಲ್ಲಿ ಸಿದ್ಧವಾದ ಹರಳುಗಳು ಸಮುದ್ರವನ್ನು ದಾಟಿ ವಾಷಿಂಗ್ಟನ್ನಿನ ನೌಕಾ ಸಂಶೋಧನಾಲಯಕ್ಕೆ ಹೋಗುತ್ತಿದ್ದವು. ಅಲ್ಲಿ ಇಸಬೆಲ್ಲ ಕಾರ್ಲ್ ಎಂಬ ವಿದುಷಿಯು ಕ್ಷಕಿರಣಗಳಿಂದ ಅವುಗಳ ಒಳಗಿನ ಪರಮಾಣುಗಳ ಸ್ಥಾನವನ್ನು ಕಂಡುಹಿಡಿಯುತ್ತಿದ್ದಳು. ಎರಡೂ ಕಡೆಯವರ ಶ್ರಮದಿಂದ, ಈ ಮಣಿಗಳುಳ್ಳ ಸರಗಳು ಸುರುಳಿಗಟ್ಟುವುದು ಊಹೆಯಲ್ಲ, ಪ್ರತ್ಯಕ್ಷವೆಂಬುದು ಹರಳಿನ ಮೇಲೆ ಹರಳಿನಲ್ಲಿ ಸ್ಥಿರಪಟ್ಟಿತು. ಆ ದಿನಗಳಲ್ಲಿ ಇದರಿಂದ ಯಾರಿಗೇನು ಪ್ರಯೋಜನವೆಂದು ಕೇಳಿದ್ದರೆ ತಟ್ಟನೆ ತೋರಿಸುವಂಥದು ಹೆಚ್ಚಾಗಿ ಇರಲಿಲ್ಲ. ತಿಳಿಯಬೇಕೆಂಬ ಆಸೆಯೇ ಆ ಕೆಲಸದ ಸಂಬಳವಾಗಿತ್ತು.

ಪ್ರಕೃತಿಯು ಈ ಉಪಾಯವನ್ನು ಮನುಷ್ಯನಿಗಿಂತ ಎಷ್ಟೋ ಮೊದಲೇ ಬಲ್ಲದು. ಮಲೆನಾಡಿನ ಅಡಕೆ ಮೆಣಸಿನ ತೋಟದವರು ಕೊಟ್ಟಿಗೆಗೊಬ್ಬರದಲ್ಲಿ ಟ್ರೈಕೋಡರ್ಮ ಎಂಬ ಬೂಷ್ಟನ್ನು ಬೆರಸಿ ಬುಡಕ್ಕೆ ಹಾಕುವುದು ಈಗ ಸಾಮಾನ್ಯವಾಗಿದೆ. ಬೇರನ್ನು ಕೊಳೆಯಿಸುವ ರೋಗಗಳನ್ನು ಅದು ತಡೆಯುತ್ತದೆ. ಈ ಬೂಷ್ಟಿನ ಒಂದು ಜಾತಿಯಿಂದ ಅಲಮೆಥಿಸಿನ್ ಎಂಬ ಪೆಪ್ಟೈಡನ್ನು ತೆಗೆದ ಸಂಗತಿ ೧೯೬೭ರಲ್ಲಿ ಪ್ರಕಟವಾಯಿತು. ಇಪ್ಪತ್ತು ಮಣಿಗಳ ಆ ಸರದಲ್ಲಿ ಎರಡು ಮೀಥೈಲ್‌ಗಳುಳ್ಳ ಮಣಿಗಳೇ ಸುಮಾರು ಎಂಟು. ಅದು ಸುರುಳಿಯಾಗಿ, ಶತ್ರುವಿನ ಜೀವಕೋಶದ ಪೊರೆಯೊಳಗೆ ಮೊಳೆಯಂತೆ ಇಳಿಯುತ್ತದೆ. ಅಂಥ ಹಲವು ಮೊಳೆಗಳು ದುಂಡಾಗಿ ನಿಂತು ನಡುವೆ ತೂತನ್ನು ಮಾಡುತ್ತವೆ. ಕೋಶದ ಒಳಗಿನ ಲವಣಗಳು ಸೋರಿಹೋಗುತ್ತವೆ. ಅಂಗೈಯಗಲದ ಮಣ್ಣಿನಲ್ಲಿ ನಡೆಯುವ ಈ ಯುದ್ಧವು ತೋಟದ ಯಜಮಾನನ ಕಣ್ಣಿಗೆ ಬೀಳುವುದಿಲ್ಲ.

ಆದೇಶದ ಎರಡನೆಯ ಫಲವು ನೆನಪಿನ ದಾರ್ಢ್ಯ. ಸಾಮಾನ್ಯ ಅಮೈನೋ ಆಮ್ಲದ ಜಲಜನಕವು ಕೆಲವು ಸಂದರ್ಭಗಳಲ್ಲಿ ಕಳಚಿ ಮತ್ತೆ ಬಂದು ಕೂಡುತ್ತದೆ. ಮತ್ತೆ ಕೂಡುವಾಗ ಎದುರು ಕಡೆಯಿಂದ ಬಂದರೆ ಎಡಗೈಯದು ಬಲಗೈಯದಾಗುತ್ತದೆ. ಸತ್ತ ಪ್ರಾಣಿಗಳ ಮೂಳೆ ಚಿಪ್ಪುಗಳಲ್ಲಿ ಇದು ನಿಧಾನವಾಗಿ ನಡೆಯುತ್ತಾ, ಕೊನೆಗೆ ಎಡಬಲಗಳು ಸಮಪಾಲಾಗಿ ಮೂಲದ ಗುರುತೇ ಅಳಿದುಹೋಗುತ್ತದೆ. ಕಳಚುವ ಜಲಜನಕವೇ ಇಲ್ಲದಿದ್ದರೆ ಈ ಮರೆವು ಸುಲಭವಾಗಿ ಬರಲಾರದು.

ಇದಕ್ಕೆ ಆಕಾಶದಿಂದಲೇ ಒಂದು ಸಾಕ್ಷ್ಯ ಬಿದ್ದಿದೆ. ೧೯೬೯ನೆಯ ಇಸವಿ ಸೆಪ್ಟೆಂಬರ್ ೨೮ರಂದು ಆಸ್ಟ್ರೇಲಿಯದ ಮರ್ಚಿಸನ್ ಎಂಬ ಊರಿನ ಬಳಿ ಒಂದು ಉಲ್ಕೆಯು ಒಡೆದು ಬಿದ್ದಿತು. ದೊರೆತ ತುಂಡುಗಳ ತೂಕ ೧೦೦ ಕಿಲೋಗ್ರಾಮಿಗೂ ಹೆಚ್ಚು. ಅದರೊಳಗೆ ಅನೇಕ ಅಮೈನೋ ಆಮ್ಲಗಳಿದ್ದವು. ಅವುಗಳಲ್ಲಿ ಐಸೋವಾಲೀನ್ ಎಂಬುದು ಒಂದು ತೋಳಿನಲ್ಲಿ ಮೀಥೈಲನ್ನೂ ಇನ್ನೊಂದರಲ್ಲಿ ಈಥೈಲನ್ನೂ ಹಿಡಿದ, ಎಡಬಲಗಳುಳ್ಳ ದ್ವಿಪ್ರತಿಸ್ಥಾಪಿತ ಆಮ್ಲ. ಭೂಮಿಯ ಜೀವಿಗಳ ಪ್ರೋಟೀನುಗಳಲ್ಲಿ ಇದು ಇಲ್ಲವಾದಕಾರಣ, ಬಿದ್ದ ಮೇಲೆ ಮಣ್ಣಿನಿಂದ ಅಂಟಿಕೊಂಡಿತೆಂಬ ಸಂಶಯಕ್ಕೆ ಎಡೆ ಕಡಮೆ. ಇಂಥ ಆಮ್ಲಗಳಲ್ಲಿ ಎಡಗೈಯ ಬಗೆ ಹೆಚ್ಚಾಗಿದೆಯೆಂದು ಕ್ರೋನಿನ್ ಮತ್ತು ಪಿಜ್ಜಾರೆಲ್ಲೊ ಎಂಬುವರು ೧೯೯೭ರಲ್ಲಿ ತೋರಿಸಿದರು. ೨೦೦೯ರಲ್ಲಿ ಪ್ರಕಟವಾದ ಅಳತೆಯಲ್ಲಿ ಐಸೋವಾಲೀನಿನ ಈ ಹೆಚ್ಚುವರಿಯು ಶೇಕಡಾ ೧೮ರಷ್ಟಿತ್ತು. ಸುಮಾರು ೪೫೦ ಕೋಟಿ ವರ್ಷಗಳ ಹಳೆಯ ಕಲ್ಲಿನಲ್ಲಿ ಆ ಪಕ್ಷಪಾತವು ಅಳಿಯದೆ ಉಳಿದು ಬಂದುದಕ್ಕೆ, ಕಳಚುವ ಜಲಜನಕವಿಲ್ಲದಿರುವುದು ಒಂದು ಮುಖ್ಯ ಕಾರಣ.

ಹೀಗಿರಲು, ಇಂಥ ಆಮ್ಲವನ್ನು ಬೇಕಾದ ಕೈಯದಾಗಿಯೇ ಮಾಡುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಮಾಡುವುದೇನೋ ಕಷ್ಟವಲ್ಲ. ಜರ್ಮನಿಯ ಸ್ಟ್ರೆಕರ್ ಎಂಬವನು ೧೮೫೦ರಲ್ಲಿಯೇ ಆಲ್ಡಿಹೈಡು, ಅಮೋನಿಯ, ಪ್ರಸಿಕ್ ಆಮ್ಲ ಈ ಮೂರರಿಂದ ಅಲನೀನನ್ನು ಕಟ್ಟುವ ದಾರಿಯನ್ನು ತೋರಿಸಿದ್ದನು. ಆಲ್ಡಿಹೈಡಿನ ಬದಲು ಕೀಟೋನನ್ನು ತೆಗೆದುಕೊಂಡರೆ ಜಲಜನಕವಿಲ್ಲದ ಆಮ್ಲವೇ ದೊರೆಯುತ್ತದೆ. ಆದರೆ ಎಡವೂ ಬಲವೂ ಸರಿಸಮನಾಗಿ ಹುಟ್ಟುತ್ತವೆ. ಎಡಬಲವಿಲ್ಲದ ಸಾಮಗ್ರಿಯಿಂದ ಎಡದ್ದೊಂದೇ ಹುಟ್ಟೆಂದರೆ ಹುಟ್ಟಲಾರದು. ಬಲಗಾಲಿನ ಜೋಡನ್ನು ಎಡಗಾಲಿಗೆ ಹಾಕಿಕೊಂಡು ನಡೆಯಲಾಗದಂತೆ ದೇಹವೂ ಈ ಎರಡನ್ನು ಒಂದೇ ಎಂದು ಸ್ವೀಕರಿಸುವುದಿಲ್ಲ. ಮೀಥೈಲ್‌ಡೋಪದಲ್ಲಿ ರಕ್ತದ ಒತ್ತಡವನ್ನು ಇಳಿಸುವುದು ಎಡಗೈಯದು ಮಾತ್ರ. ಆದುದರಿಂದ ಕಷ್ಟವಿರುವುದು ಎರಡನ್ನು ಬೇರ್ಪಡಿಸುವುದರಲ್ಲಿ, ಅಥವಾ ಒಂದನ್ನೇ ಹುಟ್ಟಿಸುವುದರಲ್ಲಿ.

ಬೇರ್ಪಡಿಸುವ ಮಾರ್ಗವನ್ನು ತೆರೆದವನೂ ಪಾಸ್ತರನೇ. ೧೮೫೩ರಲ್ಲಿ ಅವನು ಚಿಮಟವನ್ನು ಬಿಟ್ಟು, ಸಿಂಕೋನ ಮರದ ತೊಗಟೆಯ ಸಾರದಿಂದ ಮಾಡಿದ ಪದಾರ್ಥವನ್ನು ಆ ಆಮ್ಲದ ಮಿಶ್ರಣದೊಡನೆ ಕೂಡಿಸಿದನು. ತೊಗಟೆಯ ಪದಾರ್ಥಕ್ಕೆ ಸ್ವಭಾವತಃ ಒಂದೇ ಕೈ ಇರುವುದರಿಂದ ಎಡಬಲಗಳು ಅದರೊಡನೆ ಬೇರೆ ಬೇರೆ ರೀತಿಯಲ್ಲಿ ಕೂಡಿ, ಒಂದು ಬೇಗ ಹರಳಾಯಿತು, ಇನ್ನೊಂದು ದ್ರಾವಣದಲ್ಲಿ ಉಳಿಯಿತು. ಮಲೆನಾಡಿನ ಚಳಿಜ್ವರಕ್ಕೆ ಮನೆಮನೆಯಲ್ಲಿಯೂ ನುಂಗುತ್ತಿದ್ದ ಕಹಿಯಾದ ಕ್ವಿನೈನು ಬಂದುದು ಇದೇ ಮರದಿಂದ. ೧೮೬೦ರ ದಶಕದಿಂದ ಇದನ್ನು ನೀಲಗಿರಿಯಲ್ಲಿ ಬೆಳೆಸಿದರು. ಜ್ವರದ ಮದ್ದೇ ಎಡಬಲಗಳನ್ನು ವಿಂಗಡಿಸುವ ಜರಡಿಯೂ ಆದದ್ದು ವಿಚಿತ್ರವಲ್ಲವೆ? ಇನ್ನೊಂದು ಜರಡಿ ಕಿಣ್ವಗಳದು. ಹಾಲೆಂಡಿನ ಡಿಎಸ್‌ಎಂ ಕಂಪೆನಿಯ ರಸಾಯನಜ್ಞರು ಸೂಕ್ಷ್ಮಜೀವಿಗಳ ಕಿಣ್ವಗಳಿಂದ ಇಂಥ ಆಮ್ಲಗಳ ಮಿಶ್ರಣದಲ್ಲಿ ಒಂದು ಕೈಯದನ್ನು ಮಾತ್ರ ಮಾರ್ಪಡಿಸಿ ಬೇರ್ಪಡಿಸಿದರು. ಹಾಗೆ ದೊರೆತ ಆಮ್ಲಗಳಿಂದ ಇಟಲಿಯ ಪಾದುವದಲ್ಲಿ ಟೋನಿಯೊಲೊ ಎಂಬ ವಿದ್ವಾಂಸರು ಪೆಪ್ಟೈಡುಗಳನ್ನು ಕಟ್ಟಿ, ಮಣಿಯ ಕೈ ಯಾವುದೆಂಬುದರಿಂದ ಸುರುಳಿಯು ಸುತ್ತುವ ದಿಕ್ಕು ಹೇಗೆ ನಿರ್ಣಯವಾಗುವುದೆಂಬುದನ್ನು ಶೋಧಿಸಿದರು. ಎರಡು ಮೀಥೈಲ್‌ಗಳ ಮಣಿಗೆ ಎರಡು ದಿಕ್ಕುಗಳೂ ಸಮವಾದರೆ, ಎಡಬಲಗಳುಳ್ಳ ಮಣಿಯು ದಿಕ್ಕನ್ನೂ ಆರಿಸಬಲ್ಲದು.

ಒಂದೇ ಕೈಯದನ್ನು ಹುಟ್ಟಿಸುವ ಉಪಾಯಗಳಲ್ಲಿ ಜೂರಿಚ್ ನಗರದ ಸೀಬಾಕ್ ಅವರು ೧೯೮೦ರ ದಶಕದಲ್ಲಿ ಬೆಳೆಸಿದ ವಿಧಾನವು ಬಹು ಸೊಗಸಾದದ್ದು. ಮೊದಲು ಅವರು ಪ್ರಕೃತಿಯಲ್ಲಿ ದೊರೆಯುವ ಎಡಗೈಯ ಆಮ್ಲವನ್ನು ತೆಗೆದುಕೊಂಡು, ಅದರ ಪಕ್ಕದಲ್ಲಿ ಎಡಬಲವುಳ್ಳ ಎರಡನೆಯ ಕೇಂದ್ರವೊಂದನ್ನು ಮೊದಲನೆಯದರ ಅನುಸಾರವಾಗಿ ನಿರ್ಮಿಸುತ್ತಾರೆ. ಬಳಿಕ ಮೊದಲನೆಯ ಕೇಂದ್ರದ ಜಲಜನಕವನ್ನು ಕೀಳುತ್ತಾರೆ. ಆಗ ಅದು ಚಪ್ಪಟೆಯಾಗಿ ತನ್ನ ಎಡಬಲವನ್ನು ಮರೆತುಬಿಡುತ್ತದೆ. ಆದರೆ ಪಕ್ಕದ ಕೇಂದ್ರವು ಮರೆತಿಲ್ಲ. ಹೊಸ ಗುಂಪು ಬರುವಾಗ ಅದು ಒಂದು ಬಾಗಿಲಿಗೆ ಅಡ್ಡನಿಂತು ಇನ್ನೊಂದು ಬಾಗಿಲಿನಿಂದಲೇ ಒಳಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಆ ಪಕ್ಕದ ಕೇಂದ್ರವನ್ನು ಕಳಚಿಹಾಕುತ್ತಾರೆ. ಕಾಶೀಯಾತ್ರೆಗೆ ಹೊರಟವನು ತನ್ನ ಒಡವೆಯನ್ನು ನಂಬಿಕೆಯ ನೆರೆಯವನಲ್ಲಿ ಇಟ್ಟು, ಹಿಂದಿರುಗಿ ಬಂದು ಪಡೆದುಕೊಂಡಂತೆ ಇದಾಯಿತು. ಜಪಾನಿನ ಮಾರುಓಕ ಅವರು ೧೯೯೯ರಿಂದೀಚೆಗೆ ತೋರಿಸಿದ ದಾರಿ ಬೇರೆ. ಒಂದೇ ಕೈಯುಳ್ಳ ಒಂದು ಲವಣದ ಅತ್ಯಲ್ಪ ಭಾಗವನ್ನು ಕ್ರಿಯೆಯಲ್ಲಿ ಬೆರಸಿದರೆ, ಅದು ತಾನು ವ್ಯಯವಾಗದೆ ಅಣುವಿನ ಮೇಲೆ ಅಣುವನ್ನು ಒಂದೇ ಕಡೆಗೆ ತಿರುಗಿಸಿ ಕಳುಹಿಸುತ್ತದೆ. ಹೆಪ್ಪಿನ ಒಂದು ಹನಿ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ಆಮ್ಲವು ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ಸರದಲ್ಲಿ ಪೋಣಿಸುವುದು ಮತ್ತೊಂದು ಸಾಹಸ. ಎರಡು ಕಡೆಯೂ ಗುಂಪುಗಳು ತುಂಬಿರುವುದರಿಂದ ಪಕ್ಕದ ಮಣಿಯು ಹತ್ತಿರ ಬರಲು ಎಡೆಯಿರುವುದಿಲ್ಲ. ಸಾಧಾರಣ ಆಮ್ಲಗಳು ಬೇಗ ಕೂಡಿಕೊಳ್ಳುವ ವಿಧಾನದಲ್ಲಿ ಇವು ಬಹಳ ತಡಮಾಡುತ್ತವೆ, ಒಮ್ಮೊಮ್ಮೆ ಕೂಡುವುದೇ ಇಲ್ಲ. ಅಮೆರಿಕದ ಕಾರ್ಪಿನೊ ಅವರು ೧೯೯೦ರ ಸುಮಾರಿನಲ್ಲಿ ಆಮ್ಲದ ಗುಂಪಿಗೆ ಫ್ಲೋರೀನನ್ನು ಕೂಡಿಸಿ ಅದನ್ನು ಚುರುಕುಗೊಳಿಸುವ ಉಪಾಯವನ್ನು ತಂದ ಮೇಲೆ ಈ ಕಷ್ಟವು ಬಹುಮಟ್ಟಿಗೆ ಪರಿಹಾರವಾಯಿತು. ಫ್ಲೋರೀನು ಚಿಕ್ಕದಾದದ್ದರಿಂದ ಇಕ್ಕಟ್ಟಿನಲ್ಲಿಯೂ ಅಡ್ಡವಾಗುವುದಿಲ್ಲವೆಂಬುದು ಅದರ ಗುಟ್ಟು.

ಇಷ್ಟು ಶ್ರಮದ ಫಲವು ಈಗ ಮನೆಗಳನ್ನು ಮುಟ್ಟತೊಡಗಿದೆ. ಊಟವಾದ ಮೇಲೆ ಕರುಳಿನಿಂದ ಹೊರಟು, ಇನ್ಸುಲಿನ್ನನ್ನು ಸ್ರವಿಸುವಂತೆ ಮೇದೋಜೀರಕಾಂಗಕ್ಕೆ ಸಂದೇಶವನ್ನು ಕೊಡುವ ಒಂದು ಪೆಪ್ಟೈಡು ದೇಹದಲ್ಲಿದೆ. ಆದರೆ ರಕ್ತದಲ್ಲಿ ಅದರ ಬಾಳು ಒಂದೆರಡು ನಿಮಿಷ ಮಾತ್ರ. ಒಂದು ಕಿಣ್ವವು ಅದರ ತುದಿಯಿಂದ ಎರಡನೆಯ ಮಣಿಯಾದ ಅಲನೀನಿನ ಆಚೆ ಕತ್ತರಿಸಿಬಿಡುತ್ತದೆ. ಆ ಅಲನೀನಿನ ಉಳಿದ ಒಂದು ಜಲಜನಕದ ಜಾಗದಲ್ಲಿ ಇನ್ನೊಂದು ಮೀಥೈಲನ್ನು ನಿಲ್ಲಿಸಿದರೆ ಕಿಣ್ವದ ಕತ್ತರಿ ಸರಿಯಾಗಿ ಹಿಡಿಯಲಾರದು. ೨೦೧೭ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಎಂಬ ಸಿಹಿಮೂತ್ರರೋಗದ ಔಷಧದಲ್ಲಿ ಮಾಡಿರುವುದು ಇದನ್ನೇ. ಇದರೊಡನೆ, ರಕ್ತದ ಆಲ್ಬುಮಿನ್ನಿಗೆ ಅಂಟಿಕೊಳ್ಳುವ ಕೊಬ್ಬಿನ ಬಾಲವೊಂದನ್ನೂ ಅದಕ್ಕೆ ಕಟ್ಟಿದ್ದಾರೆ. ಎರಡೂ ಸೇರಿ, ನಿಮಿಷಗಳ ಬಾಳು ವಾರಕ್ಕೊಂದು ಚುಚ್ಚುಮದ್ದು ಸಾಕೆನ್ನುವಷ್ಟು ಉದ್ದವಾಯಿತು. ೨೦೨೨ರಲ್ಲಿ ಬಂದ ಟಿರ್ಜೆಪಟೈಡಿನ ೩೯ ಮಣಿಗಳಲ್ಲಿ ೨ನೆಯದೂ ೧೩ನೆಯದೂ ಇಂಥವೇ.

ಈ ಔಷಧಗಳಲ್ಲಿರುವುದು ಎಡಬಲವಿಲ್ಲದ ಮಣಿ. ಎಡಬಲವುಳ್ಳ ಮಣಿಗಳಿಂದ ಇನ್ನೂ ಸೂಕ್ಷ್ಮವಾದ ಕೆಲಸವಾಗುತ್ತದೆ. ೨೦೦೦ದಲ್ಲಿ ಹಾರ್ವರ್ಡಿನ ವರ್ಡೈನ್ ಅವರೂ ಅವರ ಜೊತೆಗಾರರೂ ಒಂದು ತೋಳಿನಲ್ಲಿ ಮೀಥೈಲನ್ನೂ ಇನ್ನೊಂದು ತೋಳಿನಲ್ಲಿ ಉದ್ದನೆಯ ಕೊಂಡಿಯನ್ನೂ ಹಿಡಿದ ಎರಡು ಮಣಿಗಳನ್ನು ಸರದಲ್ಲಿ ಅಂತರವಿಟ್ಟು ಪೋಣಿಸಿ, ಸುರುಳಿಯಲ್ಲಿ ಒಂದೇ ಮಗ್ಗುಲಿಗೆ ಬರುವ ಆ ಎರಡು ಕೊಂಡಿಗಳನ್ನು ಒಂದಕ್ಕೊಂದು ಬೆಸೆದರು. ಕೊಂಡಿಗಳು ಸರಿಯಾದ ಮಗ್ಗುಲಿಗೆ ಬರಬೇಕಾದರೆ ಮ‍ಣಿಗಳ ಕೈ ಸರಿಯಾಗಿಯೇ ಇರಬೇಕು. ಹೀಗೆ ಬಿಗಿದ ಸುರುಳಿಯನ್ನು ಕಿಣ್ವಗಳು ಸುಲಭವಾಗಿ ಕತ್ತರಿಸಲಾರವು. ೨೦೦೪ರಲ್ಲಿ ಇಂಥ ಒಂದು ಪೆಪ್ಟೈಡು ರಕ್ತದ ಅರ್ಬುದದ ಕೋಶಗಳೊಳಗೆ ಹೊಕ್ಕು ಅವುಗಳನ್ನು ಸಾಯಿಸುವುದನ್ನು ಪ್ರಯೋಗದಲ್ಲಿ ಕಂಡರು. ಅದು ಮದ್ದಂಗಡಿಯ ಮಾತಲ್ಲ, ಪ್ರಯೋಗಶಾಲೆಯ ಮಾತು. ಆದರೆ ದಾರಿಯೊಂದು ತೆರೆದಿದೆ.

ಇಷ್ಟು ಮಹಿಮೆಯುಳ್ಳ ಆದೇಶವನ್ನು ಎಲ್ಲ ಕಡೆಯೂ ಮಾಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಮಾಡಿದರೆ ಕೆಡುತ್ತದೆ. ಪ್ರತಿಯೊಂದು ಮಣಿಯನ್ನೂ ಕಟ್ಟಿಹಾಕಿದ ಸರವು ಬರಿಯ ಕೋಲಾಗುತ್ತದೆ. ಪ್ರೋಟೀನು ತನ್ನ ಕೆಲಸಕ್ಕೆ ಅಲ್ಲಲ್ಲಿ ಬಾಗಬೇಕು, ಮಡಿಸಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಜೀರ್ಣವಾಗಿ ಮತ್ತೊಂದಕ್ಕೆ ಮಣಿಗಳನ್ನು ಬಿಟ್ಟುಕೊಡಬೇಕು. ತಪ್ಪಿದ ಜಾಗದಲ್ಲಿ ಒಂದೇ ಒಂದು ಕಟ್ಟು ಬಿದ್ದರೂ ಪೆಪ್ಟೈಡಿನ ಗುಣವು ಹಾಳಾಗುವುದುಂಟು. ಅಪವಾದಕ್ಕೆ ತನ್ನ ವಿಷಯದಲ್ಲಿ ಮಾತ್ರ ಬಲವೆಂದು ವೈಯಾಕರಣರು ಹೇಳುತ್ತಾರೆ. ಅದರ ಹೊರಗೆ ಉತ್ಸರ್ಗವೇ ಆಳುತ್ತದೆ. ಜೀವರಾಶಿಯು ಪ್ರೋಟೀನುಗಳಿಗೆ ಜಲಜನಕವುಳ್ಳ ಮಣಿಗಳನ್ನೇ ಇಟ್ಟುಕೊಂಡು, ಬೂಷ್ಟಿನ ಆಯುಧದಂಥ ಕೆಲವೇ ಎಡೆಗಳಲ್ಲಿ ಈ ಕಟ್ಟನ್ನು ಬಳಸಿದೆ. ಮನೆಯಲ್ಲಿ ಮಕ್ಕಳಿಗೆ ಹಾಕುವ ಕಟ್ಟುಪಾಡುಗಳ ವಿಷಯದಲ್ಲಿಯೂ ಹಿರಿಯರು ನೆನೆಯತಕ್ಕ ಮಾತು ಇದು.

ತವರಿಗೆ ಬಂದ ಆ ಹೆಣ್ಣುಮಗಳ ಗುಳಿಗೆಯಲ್ಲಿ ಪೆಪ್ಟೈಡಿಲ್ಲ. ಪೋಣಿಸದೆ ಬಿಡಿಯಾಗಿಯೇ ಇರುವ ಒಂದೇ ಮಣಿ ಇದೆ. ಅದೂ ಸ್ಟ್ರೆಕರನ ದಾರಿಯಲ್ಲಿಯೇ ಕೀಟೋನಿನಿಂದ ಹುಟ್ಟಿ, ಬಲಗೈಯ ಜೊತೆಗಾರನಿಂದ ಬೇರ್ಪಟ್ಟು ಬಂದದ್ದು. ದೇಹದ ಕಿಣ್ವಗಳು ಅದನ್ನು ತಮ್ಮ ಮನೆಯ ಮಣಿಯೆಂದೇ ಬರಮಾಡಿಕೊಂಡು ಮಾರ್ಪಡಿಸುತ್ತವೆ. ಹಾಗೆ ಮಾರ್ಪಟ್ಟದ್ದು ಮೆದುಳಿನಲ್ಲಿ, ರಕ್ತನಾಳಗಳನ್ನು ಬಿಗಿಸೆಂಬ ಆಜ್ಞೆಯನ್ನು ಸಡಿಲಿಸುತ್ತದೆ. ಒತ್ತಡವು ಇಳಿಯುತ್ತದೆ, ಹೊಟ್ಟೆಯಲ್ಲಿರುವ ಕೂಸಿಗೆ ಇನ್ನು ಕೆಲವು ವಾರಗಳ ಅವಕಾಶ ದೊರೆಯುತ್ತದೆ. ಗುಳಿಗೆಯೊಂದರಿಂದಲೇ ಎಲ್ಲವೂ ನೆಟ್ಟಗಾಗುವುದೆಂದಲ್ಲ. ಅಳೆಯುವ ದಾದಿ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದೊಯ್ಯುವ ತಂದೆ, ನಿಗಾ ಇಡುವ ವೈದ್ಯರು ಎಲ್ಲರೂ ಬೇಕು. ಆದರೆ ತೊಟ್ಟಿಲನ್ನು ಕಟ್ಟುವ ದಿನ ಬಂದಾಗ, ಒಳಮನೆಯಲ್ಲಿ ಬಾಣಂತಿಯೂ ತೊಟ್ಟಿಲಲ್ಲಿ ಕೂಸೂ ಇಬ್ಬರೂ ಇದ್ದರೆ, ಆ ಹರ್ಷದಲ್ಲಿ ಒಂದು ಜಲಜನಕದ ಎಡೆಯಲ್ಲಿ ಬಂದು ನಿಂತ ಪುಟ್ಟ ಮೀಥೈಲಿಗೂ ಒಂದು ಪಾಲು ಸಲ್ಲತಕ್ಕದ್ದು. ಅಜ್ಜಿಯು ಅದರ ಹೆಸರನ್ನು ತಿಳಿಯದಿದ್ದರೂ ಬಾಧಕವಿಲ್ಲ. ಆಕೆ ದೇವರ ಮುಂದೆ ಹಚ್ಚುವ ತುಪ್ಪದ ದೀಪವು ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಒಟ್ಟಿಗೇ ಸಲ್ಲುತ್ತದೆ.